ಪರದೆಯ ಮೇಲೆ ಮಗನ ಹೃದಯ

ಕೇಳಿ ಗೆಳತಿಯರೇ, ಇವತ್ತು ನನ್ನ ಮಗನ ಹೃದಯವನ್ನು ಕಣ್ಣಾರೆ ನೋಡಿದೆ! ಜಹೀರಾಬಾದಿನ ಕಾರ್ಖಾನೆಯಲ್ಲಿ ದುಡಿಯುವ ಅವನಿಗೆ ಬಿಪಿ ಏರಿತ್ತು. ಆಸ್ಪತ್ರೆಯಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡುವಾಗ ಎದೆಯ ಮೇಲಿನ ಇಷ್ಟಲಿಂಗವನ್ನು ತೆಗೆದು ನನ್ನ ಕೈಗೆ ಕೊಟ್ಟ. ಅದಿದ್ದ ಜಾಗದ ಹಿಂದೆಯೇ ಹೃದಯ ಮುಷ್ಟಿಯಂತೆ ಮುಚ್ಚಿ ತೆರೆಯುತ್ತಿರುವುದು ಯಂತ್ರದ ಪರದೆಯಲ್ಲಿ ಕಂಡಿತು. ಹುಟ್ಟಿದಾಗಿನಿಂದ ಒಂದು ದಿನವೂ ರಜೆ ಕೇಳದ ದುಡಿಮೆ! ಲಿಂಗ ಹಿಡಿದುಕೊಂಡೇ ಆ ಹೃದಯಕ್ಕೆ ಕೈ ಮುಗಿದೆ.

“ಗುಟ್ಕಾ ತಿಂತೀರೇನ್ರಿ?” ಡಾಕ್ಟರು ಕೇಳಿದರು.

ಮಗ ನನ್ನ ಮುಖ ನೋಡಿ, “ಇಲ್ರಿ ಸಾಬ್” ಎಂದ. ಪರದೆಯ ಮೇಲೆ ಬಡಿತ ಓಡತೊಡಗಿತು.

“ಅವನ ಬಾಯಿಮಾತು ಬಿಡ್ರಿ, ಎದಿ ನೋಡ್ರಿ,” ಎಂದೆ.

ಡಾಕ್ಟರು ನಕ್ಕರು. “ಹೃದಯ ಇನ್ನಾ ಗಟ್ಟಿ ಅದ ಅಮ್ಮಾ. ಗುಟ್ಕಾ ಇವತ್ತೇ ಬಿಡಬೇಕು.”

ನಲವತ್ತೈದರ ಮಗನಿಗೆ ನನ್ನ ಭಯ ಹೋಗಿದೆ ಎಂದುಕೊಂಡಿದ್ದೆ. ಅವನ ಹೃದಯಕ್ಕೆ ಇನ್ನೂ ಇದೆ.