ಆರು ಹಳೆಯ ಕಂಪ್ಯೂಟರುಗಳ ಮಾಸ್ತರರು

ನಮ್ಮ ಕಂಪ್ಯೂಟರ್ ಮಾಸ್ತರರ ಎಡಗಿವಿಗೆ ಯಾವಾಗಲೂ ಧೂಳು ಮೆತ್ತಿರುತ್ತಿತ್ತು. ಕಂಪ್ಯೂಟರು ಚಾಲೂ ಮಾಡಿದ ಕೂಡಲೇ ಅವರು ಪರದೆ ನೋಡುತ್ತಿರಲಿಲ್ಲ. ಮಂಡಿಯೂರಿ ಕುಳಿತು ತಗಡಿನ ಪೆಟ್ಟಿಗೆಗೆ ಕಿವಿ ಹಚ್ಚುತ್ತಿದ್ದರು. ಒಳಗೆ ಹಾರ್ಡ್ ಡಿಸ್ಕು ಕರಕರ ಎನ್ನುತ್ತಲೇ ಇದ್ದರೆ ಮುಖ ಕಿವುಚುತ್ತಿದ್ದರು. “ಮೆಮರಿ ಸಾಲ್ದೆ ಪಾಪ, ಡಿಸ್ಕಿನ ಕಡಿ ಓಡಾಕತ್ತದ. ಇಟ್ಟು ಬರ್ತದ, ಮತ್ತ ತರಾಕ ಹೋಗ್ತದ. ಕೆಲಸ ಯಾವಾಗ ಮಾಡ್ಬೇಕ್ರಿ ಅದು?”

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಚಿತ್ತಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗುಮಾಸ್ತ. ಓದಿದ್ದು ಹತ್ತನೆಯ ತರಗತಿ. ಆಡಳಿತ ಮಂಡಳಿಯ ಅಧ್ಯಕ್ಷರ ಬೀಗರು ತಮ್ಮ ಕಚೇರಿಯ ಆರು ಹಳೆಯ ಕಂಪ್ಯೂಟರುಗಳನ್ನು ಶಾಲೆಗೆ ದಾನ ಕೊಟ್ಟಿದ್ದರು. ಆ ಕೋಣೆಯ ಉಸ್ತುವಾರಿ ನನ್ನದು. ಮಾಸ್ತರರು ಶಹಾಬಾದಿನವರು, ಮುಸಲ್ಮಾನರು, ಮೊದಲು ರೇಡಿಯೊ ರಿಪೇರಿ ಮಾಡಿಕೊಂಡಿದ್ದವರು. ಕಾಯಂ ನೌಕರಿಯಲ್ಲ, ಅಧ್ಯಕ್ಷರು ಬೇಡವೆಂದರೆ ಮರುದಿನವೇ ಮನೆಗೆ.

ಆ ಕಂಪ್ಯೂಟರುಗಳಲ್ಲಿದ್ದ ವಿಂಡೋಸ್ ಎದ್ದು ಕೂರುವಷ್ಟರಲ್ಲಿ ಅರ್ಧ ಪೀರಿಯಡ್ ಮುಗಿಯುತ್ತಿತ್ತು. ಹೊಸವನ್ನು ಕೇಳೋಣ ಎಂದೆ. “ಮಶೀನ್ ಮುದುಕ ಆಗಿಲ್ರಿ ಕ್ಲರ್ಕ್ ಸಾಹೇಬ್ರ, ಹೊರಿ ಭಾಳ ಆಗ್ಯಾದ. ಹಗುರಂದು ಹಾಕಿ ನೋಡೋಣು,” ಎಂದರು.

ವಿಂಡೋಸ್ ಬದಲಿಗೆ ಹಾಕಬಹುದಾದ, ಪುಕ್ಕಟೆ ಸಿಗುವ ಲಿನಕ್ಸ್‌ನ ಮೂರು ಬಗೆಯ ಸಿ.ಡಿ.ಗಳನ್ನು ಕಲಬುರಗಿಯಿಂದ ತಂದರು. ಆರರಲ್ಲಿ ಎಲ್ಲಕ್ಕಿಂತ ಸೊರಗಿದ್ದನ್ನೇ ಪರೀಕ್ಷೆಗೆ ಹಿಡಿದರು. ಅದು ನಡೆಸಿದ್ದನ್ನು ಉಳಿದವು ನಡೆಸಿಯೇ ನಡೆಸುತ್ತವೆ ಎಂಬುದು ಅವರ ಲೆಕ್ಕ. ಶಾಲೆಯ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು, ತಮ್ಮದೊಂದು ಹಳೆಯ ಡಿಸ್ಕು ಹಚ್ಚಿ ನೋಡಿದರು.

ಮೊದಲನೆಯದರಲ್ಲಿ ಪರದೆಯ ತುಂಬ ಬಣ್ಣ, ಚಿತ್ರ. ಕಿವಿ ಹಚ್ಚಿದವರೇ ನಕ್ಕರು: “ಮದಿವಿ ಮೆರವಣಿಗಿ ಆತಿದು. ಕುದುರಿ ಸತ್ತೇ ಹೋಗ್ತದ.” ಎರಡನೆಯದು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂತು. ಕಪ್ಪು ಪರದೆ, ಬರೀ ಅಕ್ಷರ. “ಇದನ್ನೇ ಹಾಕ್ರಿ,” ಎಂದೆ. “ಹಂಗಾರ ನೀವೇ ಕುಂದ್ರಿ,” ಎಂದು ಕುರ್ಚಿ ಸರಿಸಿದರು. ಏನು ಒತ್ತಬೇಕೆಂದು ತಿಳಿಯದೆ ಸುಮ್ಮನೆ ಕುಳಿತೆ. “ಜಲ್ದಿ ಬಂತು, ಖರೆ. ಬಂದು ಏನ್ ಮಾಡ್ತು? ನಿಮಗೇ ಹೊಳೀಲಿಲ್ಲ, ಹುಡುಗ್ರಿಗೆ ಹ್ಯಾಂಗ ಹೊಳೀಬೇಕ್ರಿ?” ಮೂರನೆಯದು ಬೂದು ಬಣ್ಣದ್ದು, ಅಲಂಕಾರವಿಲ್ಲ, ಕೆಳಗೆ ಒಂದು ಚಿಕ್ಕ ಪಟ್ಟಿ. ಬರೆಯುವುದು, ಚಿತ್ರ ಬಿಡಿಸುವುದು ಎರಡನ್ನೂ ಒಟ್ಟಿಗೆ ತೆರೆದು ಬಹಳ ಹೊತ್ತು ಕಿವಿ ಹಚ್ಚಿದರು. ಡಿಸ್ಕು ಸುಮ್ಮನಿತ್ತು. “ಇದು ಸಾಕ್ರಿ.”

ಆಮೇಲೆ ಕೇಳಿದರು: “ಹಳೇದು ಅಳಿಸಿ ಆರಕ್ಕೂ ಇದನ್ನ ಹಾಕ್ಲೇನ್ರಿ? ಅಧ್ಯಕ್ಷರಿಗೆ ಕೇಳ್ಬೇಕಲ್ಲ?”

“ನೀವು ಹಾಕ್ರಿ. ಅವರಿಗೆ ನಾ ಹೇಳ್ತೀನಿ,” ಎಂದೆ. ಹೇಳಲಿಲ್ಲ. ಇಂದು ನಾಳೆ ಎನ್ನುತ್ತ ಮರೆತೇಬಿಟ್ಟೆ.

ನಾಲ್ಕು ತಿಂಗಳು ಆ ಕೋಣೆಯಲ್ಲಿ ನಿಜವಾಗಿ ಪಾಠ ನಡೆಯಿತು. ಗುಂಡಗುರ್ತಿಯಿಂದ ಬರುತ್ತಿದ್ದ ಹುಡುಗಿಯರು ಊಟದ ಬಿಡುವಿನಲ್ಲೂ ಬಂದು ಕೂರುತ್ತಿದ್ದರು.

ಒಂದು ದಿನ ಅಧ್ಯಕ್ಷರು ಬೀಗರಿಗೆ ಅವರ ದಾನವನ್ನು ತೋರಿಸಲು ಕರೆತಂದರು. ಬೀಗರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು. “ಇದ್ಯಾವ ಬೂದಿ ಬಳದೀರಿ ಇದಕ್ಕ? ನಾವು ಕೊಟ್ಟದ್ದು ಎಲ್ಲಿ ಹೋತು?” ಅಧ್ಯಕ್ಷರ ಮುಖ ಕೆಂಪಾಯಿತು. “ಯಾರಿಗೆ ಕೇಳಿ ಅಳಿಸಿದಿರಿ?” ಎಂದು ಮಾಸ್ತರರನ್ನು ಕೇಳಿದರು. ಮಾಸ್ತರರು ನನ್ನ ಕಡೆ ನೋಡಿದರು. ಅಧ್ಯಕ್ಷರೂ ನೋಡಿದರು.

“ನನಗ ಗೊತ್ತಿಲ್ರಿ. ನನಗ ಕೇಳಿಲ್ಲ ಅವರು,” ಎಂದೆ.

ಮಾಸ್ತರರು ನನ್ನ ಮಾತನ್ನು ಅಲ್ಲಗಳೆಯಲಿಲ್ಲ. “ತಪ್ಪಾತ್ರಿ,” ಎಂದಷ್ಟೇ ಹೇಳಿದರು. ಮರುದಿನದಿಂದ ಅವರು ಬರಲಿಲ್ಲ. ಅಧ್ಯಕ್ಷರು ಹಳೆಯ ವಿಂಡೋಸನ್ನೇ ಮತ್ತೆ ಹಾಕಿಸಿದರು. ವರ್ಷದೊಳಗೆ ಆ ಕೋಣೆಗೆ ಯಾರೂ ಹೋಗದಂತಾಯಿತು. ಕಡೆಗೆ ಆರನ್ನೂ ನಾನೇ ಗುಜರಿಯವನ ಗಾಡಿಗೆ ಹಾಕಿಸಿದೆ.

ಎರಡು ವರ್ಷದ ಮೇಲೆ ವಾಡಿಯಲ್ಲಿ ರೈಲು ಬದಲಿಸಬೇಕಾಗಿತ್ತು. ಸ್ಟೇಷನ್ ಹೊರಗೆ ಒಂದು ಮೊಬೈಲ್ ರಿಪೇರಿ ಅಂಗಡಿಯಿಂದ ದನಿ ಬಂತು: “ಕ್ಲರ್ಕ್ ಸಾಹೇಬ್ರ! ಬರ್ರಿ, ಕುಂದ್ರಿ, ಚಾ ಕುಡೀರಿ.” ಅವರೇ. ನಡುವೆ ಒಂದು ವರ್ಷ ಶಹಾಬಾದಿನಲ್ಲಿ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗಿದ್ದರಂತೆ. ಕಲ್ಲಿನ ಧೂಳು ಎದೆಗಿಳಿದಿತ್ತೇನೋ, ಮಾತಿನ ನಡುವೆ ಕೆಮ್ಮುತ್ತಿದ್ದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು: “ನಮ್ಮ ಆರೂ ಮಶೀನ್ ನಡ್ಯಾಕತ್ತಾವೇನ್ರಿ?”

“ನಡ್ಯಾಕತ್ತಾವ್ರಿ,” ಎಂದೆ. “ನೀವು ಹಾಕಿದ್ದನ್ನೇ ಮತ್ತ ಹಾಕಿಸೀವಿ.”

ಅವರ ಮುಖ ಅರಳಿತು. “ಹೌದೇನ್ರಿ! ನಾ ಹೇಳಿರ್ಲಿಲ್ಲೇನ್! ಒಂದಿನ ಬಂದು ನೋಡ್ತೀನಿ.” ಚಹಾ ತರಿಸಿದರು. ಕುಡಿದೆ.

ಅಂದಿನಿಂದ ಶಾಲೆಯ ಗೇಟು ಸದ್ದಾದಾಗಲೆಲ್ಲ ಅವರೇ ಬಂದರೇನೋ ಎಂದು ಹೆದರಿ ಕಿಟಕಿಯಿಂದ ಇಣುಕುತ್ತಿದ್ದೆ. ಅವರು ಬರಲಿಲ್ಲ. ಮರುವರ್ಷ ವಾಡಿಯಿಂದ ಬಂದ ಒಬ್ಬರು, ಅಂಗಡಿಯ ಮಾಸ್ತರರು ತೀರಿಕೊಂಡರು ಎಂದರು. ಆ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಅವರು ನೋಡಲು ಬರುವುದಿಲ್ಲ ಎಂಬ ನಿರಾಳ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.