ಗುರುಬಸಪ್ಪನವರ ಸರ್ವರ್ ಸಂಸಾರ

ಮ್ಯಾನ್‌ಹೈಮ್‌ನ ನಮ್ಮ ಕನ್ನಡ ಕೂಟದ ವೆಬ್‌ಸೈಟ್ ನೋಡಿಕೊಳ್ಳುವವರು ಬಾಗಲಕೋಟೆಯ ಗುರುಬಸಪ್ಪನವರು. ಹಗಲೆಲ್ಲ ಕಾರಿನ ಬ್ರೇಕ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಓಡುವ ವಾಹನವನ್ನು ನಿಲ್ಲಿಸುವುದು ಅವರ ವೃತ್ತಿ, ವೆಬ್‌ಸೈಟ್ ನಿಲ್ಲದಂತೆ ಕಾಯುವುದು ಹವ್ಯಾಸ. ವೃತ್ತಿಯಲ್ಲಿದ್ದ ಯಶಸ್ಸು ಹವ್ಯಾಸದಲ್ಲಿರಲಿಲ್ಲ.

ತಪ್ಪು ಅವರದಲ್ಲ, ನಮ್ಮದು. ಯುಗಾದಿ ಊಟಕ್ಕೆ ಹೆಸರು ಬರೆಸಲು ವಾರಗಟ್ಟಲೆ ಸಮಯ ಕೊಟ್ಟರೂ "ಇನ್ನೂ ಟೈಮಿದೆ ಬಿಡಿ" ಎಂದು ಕೂತಿದ್ದು, ಕೊನೆಗಳಿಗೆಯಲ್ಲಿ ಆಖೆನ್‌ನಿಂದ ಹೈಡೆಲ್‌ಬರ್ಗ್‌ವರೆಗಿನ ಕನ್ನಡಿಗರೆಲ್ಲ ಒಟ್ಟಿಗೆ ಮುಗಿಬೀಳುತ್ತೇವೆ. ಸೈಟ್ ಮಲಗುತ್ತದೆ. ಈ ಸಲವೂ ಮಲಗಿದರೆ ಅದನ್ನು ಮುಚ್ಚಿ, ವಾಟ್ಸ್ಯಾಪ್‌ನಲ್ಲೇ ಹೆಸರು ಬರೆಸೋಣವೆಂದು ಕಮಿಟಿ ತೀರ್ಮಾನಿಸಿತು. ತಾವೇ ಕೂತು ಕಟ್ಟಿದ ಸೈಟು. ಗುರುಬಸಪ್ಪನವರಿಗೆ ಊಟ ಸೇರದಾಯಿತು.

ಅವರ ಮನೆಯಲ್ಲೇ ಸಭೆ. ಖಜಾಂಚಿಯಾದ ನನಗೆ ಖರ್ಚು ಅರ್ಥವಾಗುತ್ತದೆ, ಕಂಪ್ಯೂಟರ್ ಅರ್ಥವಾಗುವುದಿಲ್ಲ. ಹಾಗಾಗಿ ಸೈಟ್ ಇಡಲು ಇರುವ ಮೂರು ದಾರಿಗಳನ್ನು ಅವರು ಮನೆಬಾಡಿಗೆಯ ಭಾಷೆಯಲ್ಲೇ ಹೇಳಿದರು.

"ಈಗಿರೋದು ಶೇರ್ಡ್ ಸರ್ವರ್ ರೀ. ಕಾಲೇಜ್ ಹುಡುಗ್ರು ಬಾಡಿಗಿ ಹಂಚ್ಕೊಂಡು ಕೂಡಿ ಇರೋ ಮನಿಗೆ ಇಲ್ಲಿ ‘ವೇಗೇ’ ಅಂತಾರಲ್ಲ, ಅದಿದ್ದಂಗ. ಅಡಗಿಮನಿ ಒಂದ, ಎಲ್ಲಾರೂ ಒಮ್ಮೆಗೇ ನುಗ್ಗಿದ್ರ ಒಲಿ ಸಿಗಂಗಿಲ್ಲ. ತಿಂಗಳಿಗೆ ಐದು ಯೂರೋ. ಡೆಡಿಕೇಟೆಡ್ ಅಂದ್ರ ಇಡೀ ಮನಿ ನಮ್ಮದ. ಐವತ್ತು."

"ಮತ್ತೆ ಆ ಮೂರನೇದು?"

"ಕೋಲೊಕೇಶನ್. ಮಷೀನ್ ನಾವ ಕೊಂಡು ಅವರ ಕಟ್ಟಡದಾಗ ಇಡೋದು. ಜಾಗಕ್ಕ, ಕರೆಂಟಿಗೆ ತಿಂಗಳಾ ಎಂಬತ್ತು. ಮಷೀನಿಗೆ ಬ್ಯಾರೆ ಸಾವಿರದೈನೂರು."

"ಇಲ್ಲಿಯ ಬಾಡಿಗೆಮನೆ ಥರಾನೇ ಅನ್ನಿ! ಬಾಡಿಗೆನೂ ಕೊಡಬೇಕು, ಅಡುಗೆಮನೆ ಸಾಮಾನೆಲ್ಲ ಸಿಂಕ್ ಸಮೇತ ನಾವೇ ಹೊತ್ಕೊಂಡು ಹೋಗಿ ಜೋಡಿಸ್ಕೋಬೇಕು."

"ಕರೆಕ್ಟ್ ಹಿಡದ್ರಿ ನೋಡ್ರಿ!"

ಜೀವನದಲ್ಲಿ ಮೊದಲ ಬಾರಿಗೆ ತಂತ್ರಜ್ಞಾನ ಅರ್ಥವಾದ ಹುಮ್ಮಸ್ಸಿನಲ್ಲಿ, ಕೂಟದಲ್ಲಿರುವ ದುಡ್ಡಿಗೆ ಹೋಳಿಗೆ ಬೇಕೋ ಡೆಡಿಕೇಟೆಡ್ ಬೇಕೋ ಎಂದು ಕೇಳಿಬಿಟ್ಟೆ. ಅವರ ಮುಖ ಬಾಡಿತು.

"ಹೋಳಿಗಿ ಇಲ್ಲಂದ್ರ ಮಂದೀನ ಬರಂಗಿಲ್ರಿ. ಆಮ್ಯಾಲ ಸರ್ವರ್ ತಗೊಂಡು ಪೂಜಿ ಮಾಡ್ಲೇನು?"

ಅಲ್ಲೇ ಆಫೀಸಿನ ಕೆಲಸ ಮಾಡುತ್ತ ಕೂತಿದ್ದ ಅವರ ಹೆಂಡತಿ ವಿಜಯಶ್ರೀ ಲ್ಯಾಪ್‌ಟಾಪ್‌ನಿಂದ ತಲೆಯೆತ್ತಿದರು. "ಅಲ್ರೀ, ನಮ್ಮ ಮದುವ್ಯಾಗ ಊರಿಗೆ ಊರ ಉಂಡಿತು. ಅದಕ್ಕಂತ ನಮ್ಮಪ್ಪ ದೊಡ್ಡ ಛತ್ರ ಕಟ್ಟಿಸಿದ್ನೇನು? ಒಂದು ಪಂಕ್ತಿ ಎದ್ದ ಮ್ಯಾಲ ಇನ್ನೊಂದು ಪಂಕ್ತಿ ಕೂಡಿಸಿದ. ನೀವೂ ಪಂಕ್ತಿ ಹಾಕ್ರಿ!"

ಗುರುಬಸಪ್ಪನವರು ಹೆಂಡತಿಯನ್ನೇ ನೋಡಿದರು, ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು.

ಊರಿಗೊಂದು ಗಡುವು ನಿಗದಿಯಾಯಿತು: ಆಖೆನ್‌ಗೆ ಶುಕ್ರವಾರ, ಹೈಡೆಲ್‌ಬರ್ಗ್‌ಗೆ ಶನಿವಾರ, ನಮಗೆ ಭಾನುವಾರ ಸಂಜೆ. ಅದೇ ಐದು ಯೂರೋದ ವೇಗೇ. ಪ್ರತಿ ಊರೂ ಸಂಪ್ರದಾಯ ಬಿಡದೆ ಕೊನೆಗಳಿಗೆಯಲ್ಲೇ ನುಗ್ಗಿತು. ಸೈಟ್ ಏದುಸಿರು ಬಿಟ್ಟಿತಾದರೂ ಮಲಗಲಿಲ್ಲ.

ಭಾನುವಾರ ಗಡುವು ಮುಗಿದದ್ದೇ ಗುರುಬಸಪ್ಪನವರ ಫೋನ್ ಬಂತು. "ಬಿದ್ದಿಲ್ರಿ! ಒಮ್ಮೆನೂ ಬಿದ್ದಿಲ್ಲ! ವಾಟ್ಸ್ಯಾಪಿನವ್ರಿಗೆ ಹೇಳ್ರಿ!"

ಮನಸಾರೆ ಅಭಿನಂದಿಸಿದೆ. ಆಮೇಲೆ ದನಿ ತಗ್ಗಿಸಿ, "ಸಾರ್, ನಮ್ಮನೇದು ನಾಲ್ಕು ಹೆಸರು... ಇನ್ನೂ ಟೈಮಿದೆ ಅನ್ಕೊಂಡಿದ್ದೆ" ಎಂದೆ.

ಆ ಕಡೆ ಗಂಡ ಹೆಂಡತಿ ಇಬ್ಬರೂ ನಗುವುದು ಕೇಳಿಸಿತು.

"ಉಣ್ಣೋರ ಜಾಗ ತುಂಬೇತ್ರಿ, ಖಜಾಂಚಿ ಸಾಹೇಬ್ರ. ಬಡಸಾಕ ಮಂದಿ ಬೇಕು. ನಾಲ್ಕೂ ಮಂದಿ ಬಂದುಬಿಡ್ರಿ."

ಹೋಳಿಗೆಗೆ ತುಪ್ಪ ಬಡಿಸುವ ಕೆಲಸ ನನಗೇ ಸಿಕ್ಕಿದೆ.