ಡ್ರೈವರಿಗೂ ಊಟ

ಮನೆಯಲ್ಲೇ ಎಲ್‌ಇಡಿ ದೀಪ ಮಾಡುವುದು ನನ್ನ ಹವ್ಯಾಸ. ಹೊಸದುರ್ಗದಲ್ಲಿ ಬಟ್ಟೆ ಹೊಲಿಯುವ ನೂರ್‌ಜಹಾನಕ್ಕನಿಗೆ ಬೆಳಕು ಸಾಲದೆ, ಮಗಳ ಮದುವೆ ಬಟ್ಟೆಯ ಜರಿ ಕೆಲಸ ಅರ್ಧಕ್ಕೇ ನಿಂತಿತ್ತು. ಅವರ ಮಿಷನ್ನಿನ ಮೇಲೆ ಭಾರೀ ಎಲ್‌ಇಡಿಯೊಂದನ್ನು ಕೂರಿಸಿ, "ಡ್ರೈವರ್ ಇಲ್ದೆ ಹಚ್ಚಿದ್ರೆ ಸುಟ್ಟೋಗುತ್ತಕ್ಕ. ನಾಳೆ ಮಧ್ಯಾಹ್ನ ಡ್ರೈವರ್ ಜೊತೆಗೇ ಬರ್ತೀನಿ" ಎಂದೆ.

ಮರುದಿನ ಹೋದರೆ ಎರಡು ತಟ್ಟೆ ತುಂಬ ಬಿರಿಯಾನಿ ಬಡಿಸಿಟ್ಟಿದ್ದರು.

"ಡ್ರೈವರ್ ಎಲ್ಲಿ ಅಣ್ಣ? ಗಾಡಿಯಾಗೇ ಕುಂತವ್ರಾ? ಒಳಗೆ ಕರೀರಿ!"

ನಾನು ಜೇಬಿನಿಂದ ಬೆಂಕಿಪೊಟ್ಟಣದಷ್ಟು ಡಬ್ಬಿ ತೆಗೆದೆ. "ಇವರೇ ಅಕ್ಕ. ಎಲ್‌ಇಡಿಗೆ ಕರೆಂಟು ಮಿತಿಮೀರಿ ಹರಿಯದಂಗೆ ನೋಡ್ಕೊಳ್ಳೋರು."

ಅಕ್ಕ ಸೆರಗು ಬಾಯಿಗಿಟ್ಟು ನಕ್ಕರು. ದೀಪ ಹತ್ತಿದೊಡನೆ ಬಟ್ಟೆಯ ಮೇಲೆ ಬಾಗಿ, "ಎಳೆ ಎಳೆಯೂ ಕಾಣ್ತೈತಲ್ರಿ!" ಎಂದು ಮಗಳನ್ನು ಕೂಗಿದರು. ತಾಯಿ ಮಗಳು ಆಗಲೇ ಸೂಜಿ ಹಿಡಿದು ಕೂತರು.

ಎರಡೂ ತಟ್ಟೆ ಖಾಲಿ ಮಾಡುವ ಜವಾಬ್ದಾರಿ ನನ್ನ ಮೇಲೆಯೇ ಬಿತ್ತು. ನಾನೇನೂ ಬೇಡ ಅನ್ನಲಿಲ್ಲ.